ಬಲಗೈಯ ಅಳತೆ

ಸಿಂಗಸಂದ್ರ
12 ಡಿಸೆಂಬರ್ 2024

ತಂಗಿ ಅಂಜಿನಮ್ಮನಿಗೆ ಮುರಿಗೆಪ್ಪನ ಶರಣು.

ನಿಮ್ಮ ಗೃಹಪ್ರವೇಶದ ಕಾರ್ಡು ನಿನ್ನೆ ಬಂತು. ಕವರಿನ ಮೇಲೆ ನನ್ನ ಹೆಸರು ನೋಡಿ ನಂಬಲಾಗದೆ ಎರಡು ಸಲ ತಿರುಗಿಸಿ ನೋಡಿದೆ. ಹದಿನಾರು ವರ್ಷದ ಮೇಲೆ ಶ್ಯಾಮಣ್ಣನಿಗೆ ನನ್ನನ್ನು ಕರೆಯಬೇಕು ಅನಿಸಿತಲ್ಲ! ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿ ತಲೆ ತಿಂದೆನಂತೆ. ಮಗಳು ಸೌಮ್ಯಾ, "ಅಪ್ಪಾ, ಬಂದಿರೋದು ಕಾರ್ಡು, ಲಾಟರಿ ಅಲ್ಲ" ಎಂದಳು. ಅವಳಿಗೇನು ಗೊತ್ತು.

ಈ ಕಾಲದಲ್ಲಿ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನ ಸದ್ದಿನಲ್ಲಿ ಇಪ್ಪತ್ತೆಂಟು ವರ್ಷ ನಿಂತ ಕಿವಿಗಳು, ಎರಡೂ ಕೈಕೊಟ್ಟಿವೆ. ಫೋನಿನಲ್ಲಿ ನೀನು ಒಂದು ಹೇಳಿದರೆ ನಾನು ಇನ್ನೊಂದಕ್ಕೆ ಹೂಂಗುಡುತ್ತೇನೆ. ವಾಟ್ಸಾಪ್ ಮಾಡೋಣವೆಂದರೆ ನಿಮ್ಮ ಮನೆಯ ಫೋನು ಎಲ್ಲರ ಕೈಯಲ್ಲೂ ತಿರುಗುತ್ತದೆ ಎಂದು ಈಶಪ್ಪ ಹೇಳಿದ. ನನ್ನ, ನಿನ್ನ ಗಂಡನ ಜೊತೆ ಶಾಪಿನಲ್ಲಿ ಕೆಲಸ ಮಾಡುತ್ತಿದ್ದ ಈಶಪ್ಪ, ಈಗ ಪೀಣ್ಯದಲ್ಲೇ ಲೋಹ ಕಡೆಯುವ ಸ್ವಂತ ಲೇಥ್ ಹಾಕಿಕೊಂಡಿದ್ದಾನೆ. ನೀನು ಈಗಲೂ ಮಾಕಳಿಯ ಅಂಗನವಾಡಿ ಟೀಚರ್ ಎಂದೂ ಅವನೇ ಹೇಳಿದ್ದು. ಅದಕ್ಕೇ ಇದನ್ನು ಅಂಗನವಾಡಿ ವಿಳಾಸಕ್ಕೆ ಹಾಕುತ್ತಿದ್ದೇನೆ. ಶ್ಯಾಮಣ್ಣನಿಗೆ ತಿಳಿಯಬಾರದು.

ವಿಷಯ ಇಷ್ಟೇ. ಉಡುಗೊರೆ ಏನು ತರಲಿ? ಸೌಮ್ಯಾ ಗಾಜಿನ ಕುಂಡದ ಬಿದಿರು ಗಿಡ ಎನ್ನುತ್ತಾಳೆ. ಮಾಕಳಿಯ ರೈತನ ಮನೆಗೆ ಗಿಡ ಹೊತ್ತುಕೊಂಡು ಹೋಗಲೇ? ಅಳಿಯ ಗುರುರಾಜ್ ಗಿಫ್ಟ್ ಕಾರ್ಡ್ ಎನ್ನುತ್ತಾನೆ. "ಅವರಿಗೇನ್ ಬೇಕೋ ಅವರೇ ತಗೋತಾರೆ ಮಾವ, ತಲೆನೋವೇ ಇಲ್ಲ" ಅಂತೆ. ತಲೆನೋವು ಬೇಡವೆಂದರೆ ಸ್ನೇಹ ಯಾಕೆ ಬೇಕು? ನನ್ನವಳು ಚನ್ನಬಸಮ್ಮ ಬೆಳ್ಳಿ ದೀಪ ಎನ್ನುತ್ತಾಳೆ, ಅದನ್ನು ನೀವು ಬೀರುವಿನಲ್ಲಿಟ್ಟು ಮರೆಯುತ್ತೀರಿ. ಗೋಡೆ ಗಡಿಯಾರವಂತೂ ನಾನು ತರುವುದಿಲ್ಲ. ಎಲ್ಲ ಹೊಸಮನೆಗೂ ಏಳೆಂಟು ಬಂದಿರುತ್ತವೆ, ಒಂದರ ಟೈಮು ಇನ್ನೊಂದಕ್ಕೆ ಹೊಂದುವುದಿಲ್ಲ.

ಅವನು ದಿನವೂ ಬಳಸುವಂಥದ್ದು ಬೇಕು. ಅವನಿಗೆ ಏನಿಲ್ಲ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಗ ಬರಿ.

ಮುರಿಗೆಪ್ಪ

•

ಮಾಕಳಿ
20 ಡಿಸೆಂಬರ್ 2024

ಮುರಿಗೆಪ್ಪಣ್ಣನವರಿಗೆ ಅಂಜಿನಮ್ಮನ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ಎಷ್ಟು ಕಾಲವಾಯಿತು. ಭಾನುವಾರ ಬಂದರೆ ನಮ್ಮ ಹಳೆ ಮನೆಯ ಜಗಲಿಯಲ್ಲಿ ಕೂತು ಮುದ್ದೆ ಉಂಡು, "ಇದು ನಮ್ಮೂರಿನ ರೊಟ್ಟಿಯ ಮುಂದೆ ಏನೂ ಅಲ್ಲ" ಎಂದು ಬೈದು, ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದಿರಿ. ಮರೆತಿಲ್ಲ.

ಅವರು ಚೆನ್ನಾಗಿದ್ದಾರೆ. ಕಾರ್ಡು ನೋಡಿ ನಿಮಗೆ ಇಷ್ಟು ಸಂತೋಷವಾಯಿತೆಂದು ಓದಿ ನನಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಉಡುಗೊರೆ ಏನೂ ಬೇಡ ಅಣ್ಣ, ನೀವು ಬಂದರೆ ಸಾಕು.

ನಮ್ಮ ಮನೆಯ ಚಿಂತೆಯೇ ಬೇರೆ. ಮಗ ಶ್ರೀಧರ್ ಹೆಬ್ಬಾಗಿಲಿಗೆಂದು ಎಲ್ಲಿಂದಲೋ ಗುಂಡನೆಯ ಹಿಡಿಕೆ ತರಿಸಿದ. ಬಡಗಿ ಲಕ್ಷ್ಮಣಪ್ಪ ಕೂರಿಸಿಯೂ ಬಿಟ್ಟ. ಹೋದ ವಾರ ಇವರು ಬಲಗೈಯಲ್ಲಿ ಹಿಡಿದು ತಿರುಗಿಸಲು ನೋಡಿದರು, ಜಾರಿತು. ಮೂರು ಸಲ ಜಾರಿತು. ಹೆಬ್ಬೆಟ್ಟು, ಕಿರುಬೆರಳು ಎರಡೇ ಇರುವ ಕೈಗೆ ಗುಂಡು ವಸ್ತು ಎಲ್ಲಿ ಸಿಗುತ್ತದೆ? ಕೈಯನ್ನು ಟವಲಿನೊಳಗೆ ಸೇರಿಸಿಕೊಂಡು, "ಅವತ್ತು ಶ್ರೀಧರನೇ ಬಾಗ್ಲು ತೆಗೀಲಿ ಬುಡು. ಈ ಕೈನ ಅಷ್ಟು ಜನದ ಮುಂದೆ ನಾನು ತೋರ್ಸಾಕಿಲ್ಲ" ಎಂದರು.

ನಮ್ಮಲ್ಲಿ ಹೊಸಮನೆಯ ಬಾಗಿಲನ್ನು ಯಜಮಾನನೇ ಬಲಗೈಯಿಂದ ತೆಗೆಯಬೇಕು. ಹಳೆ ಮನೆಗೆ ನಮ್ಮ ಮಾವ ತೆಗೆದಿದ್ದರು. ಈಗ ಇವರು ತಮ್ಮ ಮನೆಗೆ ತಾವೇ ನೆಂಟರ ಹಾಗೆ ಹಿಂದೆ ನಿಂತು ಒಳಗೆ ಹೋಗುವುದನ್ನು ನನ್ನಿಂದ ನೋಡಲಾಗದು. ಎಲ್ಲ ಅವರದೇ ತಪ್ಪಲ್ಲವೇ ಅಣ್ಣ? ಅವತ್ತು ಕಣ್ಣು ಮಿಷಿನ್ನಿನ ಮೇಲೆ ಇಟ್ಟಿದ್ದರೆ ಬೆರಳು ಉಳಿಯುತ್ತಿದ್ದವು. ಈಗಲೂ ಸಿಟ್ಟು ಬಂದಾಗ ಅದನ್ನೇ ಹೇಳಿ ಬೈಯುತ್ತೇನೆ. ಅವರು ಎದ್ದು ಹೊಲಕ್ಕೆ ಹೋಗುತ್ತಾರೆ.

ಒಂದು ಕೇಳಲೇ? ಆಸ್ಪತ್ರೆಗೆ ಒಂದು ಸಲ ಬಂದವರು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಯಾಕೆ?

ಅಂಜಿನಮ್ಮ

•

ಸಿಂಗಸಂದ್ರ
24 ಡಿಸೆಂಬರ್ 2024

ತಂಗಿ,

ಉಡುಗೊರೆ ಸಿಕ್ಕಿತು! ಬಾಗಿಲ ಹಿಡಿಕೆ. ನಾನೇ ಮಾಡುತ್ತೇನೆ.

ಗುಂಡು ಹಿಡಿಕೆಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನ ಕೈಗೆ ಎಣ್ಣೆ ಹಚ್ಚಿ ಅವನ ಮನೆಯದನ್ನೇ ತಿರುಗಿಸಲು ಹೇಳಬೇಕು. ನಾನು ಮಾಡುವುದು ಉದ್ದನೆಯದು. ತಿರುಗಿಸುವ ಕೆಲಸವೇ ಇಲ್ಲ, ಮೇಲೆ ಅಂಗೈ ಇಟ್ಟು ಒತ್ತಿದರೆ ಬಾಗಿಲು ತೆಗೆದುಕೊಳ್ಳುತ್ತದೆ. ಹೆಬ್ಬೆಟ್ಟಿಗೆ ಒಂದು ತಗ್ಗು, ಕೆಳಗಿನಿಂದ ಕಿರುಬೆರಳು ಬಳಸಿ ಹಿಡಿಯಲು ಒಂದು ಬಾಗು. ಗಟ್ಟಿ ಹಿತ್ತಾಳೆ. ಈಶಪ್ಪ ತನ್ನ ಲೇಥ್ ಬಿಟ್ಟುಕೊಡುತ್ತಾನೆ. ಮೆಟ್ರೋ ಇದೆ, ಬಸ್ಸಿದೆ, ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ. ಸೌಮ್ಯಾ ಬೇಡವೆನ್ನುತ್ತಾಳೆ, ನನಗೆ ಕೇಳಿಸುವುದಿಲ್ಲ.

ಬೇಕಾದ್ದು ಅವನ ಕೈಯ ಅಳತೆ. ಅವನಿಗೆ ಗೊತ್ತಾಗದ ಹಾಗೆ ತೆಗೆಯಬೇಕು. ಟೇಪಿನ ಅಳತೆ ಸಾಲದು. ಹಿಡಿದಾಗ ಹೆಬ್ಬೆಟ್ಟಿನ ಬುಡ ಎಲ್ಲಿ ಬರುತ್ತದೆ, ಕಿರುಬೆರಳು ಎಷ್ಟು ಬಾಗುತ್ತದೆ, ಅದು ಬೇಕು. ಮಿಲಿಮೀಟರಿನ ನೂರರಲ್ಲೊಂದು ಭಾಗ ನೋಡುತ್ತಿದ್ದವನು ನಾನು, ಅಂದಾಜಿನ ಮೇಲೆ ಕೆಲಸ ಮಾಡಲಾರೆ. ನಿನ್ನ ತಲೆ ಓಡಿಸು.

ಬಾಗಿಲಿನ ದಪ್ಪ ಎಷ್ಟು, ಯಾವ ಕಡೆಗೆ ತೆಗೆಯುತ್ತದೆ, ಅದನ್ನೂ ಬರಿ.

ಮುರಿಗೆಪ್ಪ

•

ಮಾಕಳಿ
4 ಜನವರಿ 2025

ಅಣ್ಣನವರಿಗೆ,

ಈ ಡಬ್ಬಿಯಲ್ಲಿರುವುದು ಅವರ ಕೈಯ ಅಚ್ಚು. ಮಕ್ಕಳಿಂದ ಗೊಂಬೆ ಮಾಡಿಸಲು ಕೆರೆಯ ಜೇಡಿಮಣ್ಣು ತಂದಿದ್ದೆ. ಅವರ ಎಡಗೈಗೆ ಕಾಫಿ ಲೋಟ ಕೊಟ್ಟು, ಮಣ್ಣಿನ ಉರುಳೆಯನ್ನು ಬಲಗೈಗೆ ತುರುಕಿ, "ಹದ ಆಗಿದೆಯಾ ನೋಡಿ" ಎಂದೆ. ಲೋಟ ಕೆಳಗಿಡಲು ಜಾಗ ಬಿಟ್ಟಿರಲಿಲ್ಲ. ಗಟ್ಟಿಯಾಗಿ ಹಿಚುಕಿ, "ಇನ್ನೊಂಚೂರು ನೀರು ಹಾಕು" ಎಂದರು. ಅದನ್ನೇ ಮೂರು ದಿನ ನೆರಳಿನಲ್ಲಿ ಒಣಗಿಸಿ ಕಳಿಸಿದ್ದೇನೆ. ಬಾಗಿಲಿನ ಅಳತೆಯ ಚೀಟಿಯೂ ಡಬ್ಬಿಯಲ್ಲಿದೆ.

ಈಗ ಒಂದು ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಕಾರ್ಡು ಕಳಿಸಿದ್ದು ಅವರಲ್ಲ, ನಾನು. ಕರೆಯುವವರ ಪಟ್ಟಿಯಲ್ಲಿ ನಿಮ್ಮ ಹೆಸರಿರಲಿಲ್ಲ. ಬರೆಯಲು ಮರೆತಿದ್ದಾರೆಂದುಕೊಂಡು, ವಿಳಾಸವನ್ನು ಈಶಪ್ಪನಿಂದ ತರಿಸಿ ನಾನೇ ಅಂಚೆಗೆ ಹಾಕಿದೆ. ನಿಮ್ಮ ಸಂತೋಷ ಓದಿದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ.

ಮೊನ್ನೆ ಊಟಕ್ಕೆ ಕೂತಾಗ, "ಮುರಿಗೆಪ್ಪಣ್ಣನ್ನ ಕರೀಬೇಕಲ್ವಾ?" ಎಂದೆ. ಅವರು ಅರ್ಧ ಊಟ ಬಿಟ್ಟು ಎದ್ದರು. "ಅವನು ಬಂದ್ರೆ ನಾನಿರಾಕಿಲ್ಲ" ಎಂದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ತಟ್ಟೆಯ ಮೇಲೆ ಸಿಟ್ಟು ಮಾಡಿದವರಲ್ಲ.

ನಿಮ್ಮಿಬ್ಬರ ನಡುವೆ ಏನಾಯಿತು? ಅವರು ಹೇಳುವುದಿಲ್ಲ. ನೀವಾದರೂ ಹೇಳಿ.

ಅಂಜಿನಮ್ಮ

•

ಸಿಂಗಸಂದ್ರ
9 ಜನವರಿ 2025

ತಂಗಿ,

ಅಚ್ಚು ಒಡೆಯದೆ ಬಂದಿದೆ. ಅಳತೆ ತೆಗೆದುಕೊಂಡಿದ್ದೇನೆ. ಹಿತ್ತಾಳೆ ತಂದಾಗಿದೆ.

ಮುರಿಗೆಪ್ಪ

•

ಮಾಕಳಿ
17 ಜನವರಿ 2025

ಮುರಿಗೆಪ್ಪಣ್ಣನವರಿಗೆ,

ಸಂಕ್ರಾಂತಿಯ ಎಳ್ಳುಬೆಲ್ಲ ಜೊತೆಗಿಟ್ಟಿದ್ದೇನೆ. ತಿಂದು ಒಳ್ಳೆಯ ಮಾತಾಡಿ ಎಂದು ಹೇಳುವ ಮನಸ್ಸಿಲ್ಲ. ನಿಜ ಮಾತಾಡಿದರೆ ಸಾಕು.

ಎರಡು ಸಾಲು ಬರೆದು ಹಿತ್ತಾಳೆಯ ಸುದ್ದಿ ಹೇಳಿದಿರಿ. ನಾನು ಕೇಳಿದ್ದು ಹಿತ್ತಾಳೆಯನ್ನಲ್ಲ. ಎರಡು ಸಲ ಕೇಳಿದೆ, ಎರಡು ಸಲವೂ ಜಾರಿಕೊಂಡಿರಿ. ನಿಮ್ಮ ಕಿವಿ ಕೇಳಿಸುವುದಿಲ್ಲ ಸರಿ, ಕಾಗದ ಓದಲು ಕಣ್ಣಿದೆಯಲ್ಲ?

ಗೃಹಪ್ರವೇಶಕ್ಕೆ ಇನ್ನು ನಾಲ್ಕು ವಾರ. ನೀವು ಬಂದರೆ ಅವರು ಇರುವುದಿಲ್ಲ ಎನ್ನುತ್ತಾರೆ. ನೀವು ಬರಬೇಡಿ ಎನ್ನಲು ನನಗೆ ಕಾರಣ ಗೊತ್ತಿಲ್ಲ. ಕಾಸಿನ ಜಗಳವೇ? ಹೆಂಗಸರ ವಿಷಯವೇ? ಏನೇನೋ ಯೋಚನೆ ಬರುತ್ತದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾ ಅರ್ಧದಲ್ಲಿ ನಿಲ್ಲಿಸಿಬಿಡುತ್ತೇನೆ.

ಹೇಳುವುದಿದ್ದರೆ ಪೂರ್ತಿ ಹೇಳಿ. ಇಲ್ಲವಾದರೆ ಕಾರ್ಡನ್ನು ಹರಿದು ಹಾಕಿ, ಹಿಡಿಕೆಯನ್ನು ನಿಮ್ಮ ಮನೆಗೇ ಹಾಕಿಸಿಕೊಳ್ಳಿ.

ಅಂಜಿನಮ್ಮ

•

ಸಿಂಗಸಂದ್ರ
27 ಜನವರಿ 2025

ಅಂಜಿನಮ್ಮನಿಗೆ,

ಹಿಡಿಕೆ ಮುಗಿದಿದೆ, ಈ ಪೆಟ್ಟಿಗೆಯಲ್ಲಿದೆ. ಅದರ ಜೊತೆ ಕಾಗದದಲ್ಲಿ ಸುತ್ತಿದ ಇನ್ನೊಂದು ವಸ್ತು ಇದೆ. ಈ ಕಾಗದ ಓದಿದ ಮೇಲೆ ಅದನ್ನು ಬಿಚ್ಚು.

ನಿನ್ನ ಮಣ್ಣಿನ ಅಚ್ಚು ಬಂದ ದಿನ ಅದನ್ನು ಕೈಯಲ್ಲಿ ಹಿಡಿದೆ. ನನ್ನ ಹೆಬ್ಬೆಟ್ಟು ಅವನ ಹೆಬ್ಬೆಟ್ಟಿನ ತಗ್ಗಿನಲ್ಲಿ ಕೂತಿತು, ಕಿರುಬೆರಳು ಕಿರುಬೆರಳಿನ ಜಾಗದಲ್ಲಿ ಕೂತಿತು. ನಡುವೆ ನನ್ನ ಮೂರು ಬೆರಳಿಗೆ ಜಾಗವೇ ಇರಲಿಲ್ಲ. ಅಲ್ಲಿ ಮಣ್ಣು ಉಬ್ಬಿಕೊಂಡಿತ್ತು. ನಾನು ಅತ್ತೆ. ಚನ್ನಬಸಮ್ಮ ಬಂದು ಏನೆಂದು ಕೇಳಿದಳು, ಅವಳಿಗೂ ಹೇಳಲಾಗಲಿಲ್ಲ. ಈಗ ನಿನಗೆ ಹೇಳುತ್ತೇನೆ.

ಆ ಪ್ರೆಸ್ಸಿಗೆ ಎರಡು ಗುಂಡಿಗಳಿದ್ದವು. ಎರಡನ್ನೂ ಒಟ್ಟಿಗೆ, ಎರಡು ಕೈಯಿಂದ ಒತ್ತಿದರೆ ಮಾತ್ರ ಪ್ರೆಸ್ ಕೆಳಗಿಳಿಯುತ್ತದೆ. ಕೈಗಳು ಗುಂಡಿಯ ಮೇಲೆಯೇ ಇರಬೇಕಾದ್ದರಿಂದ ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಕೆಲಸ ನಿಧಾನ. ಅವಸರದ ಆರ್ಡರ್ ಇದ್ದಾಗ ಒಂದು ಗುಂಡಿಯ ಸಂದಿಗೆ ದಪ್ಪ ತಗಡಿನ ಪಟ್ಟಿ ತುರುಕಿಬಿಡುತ್ತಿದ್ದೆವು. ಅದು ಒತ್ತಿದ ಹಾಗೇ ಇರುತ್ತದೆ, ಆ ಕಡೆಯ ಕೈ ಬಿಡುವಾಗಿ ಪ್ರೆಸ್ಸಿನೊಳಗೆ ಮಾಲು ಇಡುತ್ತದೆ. ಎಲ್ಲ ಶಾಪಿನಲ್ಲೂ ಮಾಡುತ್ತಿದ್ದರು. ಮಿಷಿನ್ ಸೆಟ್ ಮಾಡಿ ಕೊಡುವ ಸೆಟ್ಟರ್ ನಾನು. ಅವತ್ತು ಬಲಗಡೆಯ ಗುಂಡಿಗೆ ಪಟ್ಟಿ ಇಟ್ಟವನೂ ನಾನು.

ಶ್ಯಾಮಣ್ಣ, "ಬ್ಯಾಡ ಕಣಣ್ಣ, ಒಂಚೂರು ಲೇಟಾದ್ರೆ ಆಗ್ಲಿ" ಎಂದ. ನಾನು ನಕ್ಕೆ. "ನಾನಿದೀನಲ್ಲೋ" ಎಂದೆ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

ಅವನು ಕೂಗಿದ್ದು ಕೇಳಿತು. ಆಗ ನನಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಈಶಪ್ಪ ಓಡಿ ಬಂದು ಅವನನ್ನು ಹಿಡಿದುಕೊಂಡ. ನಾನು ಅವನ ಹತ್ತಿರ ಹೋಗಲಿಲ್ಲ ಅಂಜಿನಮ್ಮ. ನಾನು ಮೊದಲು ಗುಂಡಿಯ ಹತ್ತಿರ ಹೋದೆ. ಪಟ್ಟಿ ಕಿತ್ತು ಜೇಬಿಗೆ ಹಾಕಿಕೊಂಡೆ. ಆಮೇಲೆ ಅವನ ಕಡೆ ತಿರುಗಿದೆ.

ವಿಚಾರಣೆಯಲ್ಲಿ ನನ್ನನ್ನು ಕೇಳಿದರು. "ನಾನು ಸರಿಯಾಗಿ ಸೆಟ್ ಮಾಡಿ ಕೊಟ್ಟಿದ್ದೆ, ಅವನೇ ಏನೋ ಮಾಡಿಕೊಂಡಿರಬೇಕು" ಎಂದೆ. ಕೆಲಸಗಾರನ ಅಜಾಗರೂಕತೆ ಎಂದು ಬರೆದು ಮುಚ್ಚಿದರು. ಸೌಮ್ಯಾ ಆಗ ಹೈಸ್ಕೂಲು, ಕೆಲಸ ಹೋದರೆ ಏನು ಗತಿ ಎಂಬ ಹೆದರಿಕೆ. ಇದು ಕಾರಣ, ಸಮಾಧಾನವಲ್ಲ. ಪಟ್ಟಿ ಇಟ್ಟದ್ದು ಶ್ಯಾಮಣ್ಣನಿಗೆ ಗೊತ್ತು, ಕಿತ್ತವನು ನಾನೆಂಬ ಅನುಮಾನವೂ ಇದ್ದೀತು, ಆದರೆ ಕಿತ್ತದ್ದನ್ನು ಅವನು ನೋಡಿಲ್ಲ ಎಂದುಕೊಂಡಿದ್ದೇನೆ. ಕಾರ್ಡು ಬಂದಾಗ ಅದನ್ನೂ ಮರೆತಿರಬೇಕು ಎಂದು ಕುಣಿದೆ. ನಾಚಿಕೆಯಾಗುತ್ತದೆ.

ಸುತ್ತಿಟ್ಟಿರುವುದು ಆ ಪಟ್ಟಿ. ಎಸೆಯಲಾಗಲಿಲ್ಲ.

ಅವನನ್ನು ಬೈಯುತ್ತೇನೆ ಎಂದು ನೀನು ಬರೆದಿದ್ದೆ. ಇನ್ನು ಬೈಯಬೇಡ. ತಪ್ಪು ಅವನದಲ್ಲ.

ಮುರಿಗೆಪ್ಪ

•

ಮಾಕಳಿ
5 ಫೆಬ್ರವರಿ 2025

ಮುರಿಗೆಪ್ಪನವರಿಗೆ,

ಹದಿನಾರು ವರ್ಷ. ಲೋಟ ಕೈಜಾರಿದರೆ ಬೈದೆ. ಗಾಡಿ ಓಡಿಸಲು ಬಿಡಲಿಲ್ಲ. ಮಗಳು ದಿವ್ಯಾಳ ಮದುವೆಯಲ್ಲಿ ಧಾರೆಯ ನೀರು ಚೆಲ್ಲಿದಾಗ, "ಅವತ್ತೂ ಇಂಗೇ ಮಾಡಿ ಕೈ ಕಳ್ಕೊಂಡ್ರಿ" ಎಂದು ಬೀಗರ ಮುಂದೆಯೇ ಅಂದೆ. ಅವರು ತಲೆ ತಗ್ಗಿಸಿದರು. ಆ ಮಾತು ನನ್ನ ಬಾಯಿಂದ ಬಂದದ್ದು. ಅದನ್ನು ನನ್ನ ಬಾಯಲ್ಲಿ ಇಟ್ಟವರು ನೀವು.

ನೀವು ಬರಬೇಡಿ. ಅವರಿಗಾಗಿ ಅಲ್ಲ, ನನಗಾಗಿ. ನೀವು ಹೊಸ್ತಿಲಲ್ಲಿ ನಿಂತರೆ ನಾನು ಏನು ಅಂದೇನೋ ನನಗೇ ಗೊತ್ತಿಲ್ಲ.

ಪೆಟ್ಟಿಗೆ ಅಂಗನವಾಡಿಯ ಬೀರುವಿನಲ್ಲಿದೆ, ಮಕ್ಕಳ ಚಾಪೆಗಳ ಹಿಂದೆ.

ಅಂಜಿನಮ್ಮ

•

ಸಿಂಗಸಂದ್ರ
8 ಫೆಬ್ರವರಿ 2025

ಅಂಜಿನಮ್ಮನಿಗೆ,

ಬರುವುದಿಲ್ಲ.

ಒಂದೇ ಬೇಡಿಕೆ. ಹಿಡಿಕೆಯನ್ನು ಬಾಗಿಲಿಗೆ ಹಾಕಿಸು. ಅಂಗಡಿಯಲ್ಲಿ ಕೊಂಡೆ ಎಂದು ಹೇಳು, ನನ್ನ ಹೆಸರು ಬೇಡ. ಅವನು ತನ್ನ ಬಾಗಿಲನ್ನು ತಾನೇ ತೆಗೆಯಲಿ. ಹದಿನಾಲ್ಕನೇ ತಾರೀಕು, ಗೃಹಪ್ರವೇಶದ ಬೆಳಿಗ್ಗೆ ನಾನು ಇಲ್ಲೇ ಬಾಲ್ಕನಿಯಲ್ಲಿ ಕೂತಿರುತ್ತೇನೆ.

ಮುರಿಗೆಪ್ಪ

•

ಮಾಕಳಿ
18 ಫೆಬ್ರವರಿ 2025

ಮುರಿಗೆಪ್ಪಣ್ಣನವರಿಗೆ,

ನೀವು ಹೇಳಿದ ಸುಳ್ಳನ್ನು ನಾನು ಹೇಳಲಿಲ್ಲ. ಈ ವಿಷಯದಲ್ಲಿ ಸುಳ್ಳು ಸಾಕಷ್ಟು ಆಗಿದೆ.

ಹನ್ನೆರಡನೇ ತಾರೀಕು, ಬುಧವಾರ ಸಂಜೆ, ಹೊಸಮನೆಯಲ್ಲಿ ಅವರೊಬ್ಬರೇ ಕಿಟಕಿಯ ಗಾಜಿಗೆ ಅಂಟಿದ ಬಣ್ಣ ಕೆರೆಯುತ್ತಿದ್ದರು. ಹಿಡಿಕೆಯನ್ನೂ ಪಟ್ಟಿಯನ್ನೂ ತೆಗೆದುಕೊಂಡು ಹೋಗಿ ಮುಂದೆ ಇಟ್ಟೆ. ಹೊಳೆಯುವ ಹಿಡಿಕೆ ಅಲ್ಲಿರುವಾಗ ಅವರು ಮೊದಲು ಪಟ್ಟಿಯನ್ನು ಎತ್ತಿಕೊಂಡರು. ತುಂಬ ಹೊತ್ತು ನೋಡಿದರು. "ಇನ್ನೂ ಮಡಗವ್ನಾ?" ಎಂದರು.

"ನಿಮಗೆ ಗೊತ್ತಿತ್ತಾ?" ಎಂದೆ.

"ಕೆಳಗೆ ಬಿದ್ದಿದ್ದೋನು ನಾನು ನೋಡ್ತಾನೇ ಇದ್ದೆ ಕಣೆ. ಪಟ್ಟಿ ಇಕ್ಕಿದ್ದಕ್ಕೆ ಕ್ವಾಪ ಇಲ್ಲ, ಎಲ್ರೂ ಇಕ್ತಿದ್ರು. ನನ್ನ ಬೆರಳು ಅಲ್ಲಿ ಬಿದ್ದಿದ್ವು. ಅವನು ನನ್ನ ದಾಟ್ಕೊಂಡು ಓಗಿ ಅದನ್ನ ತೆಗ್ದ."

"ಯಾಕೆ ಹೇಳಲಿಲ್ಲ? ನನಗಾದರೂ ಹೇಳಬಾರದಿತ್ತಾ?"

"ಯೋಳಿದ್ರೆ ಅವನ ಕೆಲಸ ಓಗ್ತಿತ್ತು. ನನ್ನ ಬೆರಳೇನು ವಾಪಸ್ ಬತ್ತಿದ್ವಾ?"

ನಾನು ಅವರ ಕಾಲ ಹತ್ತಿರ ಕೂತು ಅತ್ತೆ. ಅಷ್ಟು ವರ್ಷ ಬೈದೆನಲ್ಲ ಎಂದೆ. "ಅದಿಲ್ದಿದ್ರೆ ಇನ್ನೇನಕ್ಕಾದ್ರೂ ಬಯ್ತಿದ್ದೆ ಬುಡು" ಎಂದರು. ಅಷ್ಟು ಹೇಳಿ ಅವರೂ ಅತ್ತರು. ನಾನು ಅವರು ಅಳುವುದನ್ನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ.

ಆಮೇಲೆ ಲಕ್ಷ್ಮಣಪ್ಪನನ್ನು ಕರೆಸಿ ಗುಂಡು ಹಿಡಿಕೆ ಬಿಚ್ಚಿಸಿದರು, ನಿಮ್ಮದನ್ನು ಕೂರಿಸಿದರು. ಹಿಡಿದು ನೋಡಿದರೆ ಕಿರುಬೆರಳು ಹಿಂದಿನ ಮರಕ್ಕೆ ಉಜ್ಜುತ್ತಿತ್ತು. ಬೆರಳು ತೂರುವ ಸಂದು ಸಾಲದು. ಅವರಿಗೆ ಅದೇ ಸಿಕ್ಕಿತು ನೋಡಿ! "ಇದೇನ್ ಮುರಿಗೆ ಕೆಲಸಾನಾ? ಮೂರು ಮಿಲಿ ಕಮ್ಮಿ ಐತೆ!" ಎಂದು ರೇಗಿದರು. ಹದಿನಾರು ವರ್ಷದ ಮೇಲೆ ನಿಮ್ಮ ಹೆಸರು ಅವರ ಬಾಯಲ್ಲಿ ಬಂತು. ತಪ್ಪು ಹೇಗಾಯಿತೆಂದು ನನಗೆ ಹೊಳೆಯಿತು. ಒಣಗಿದ ಮಣ್ಣು ಕುಗ್ಗುತ್ತದೆ ಅಣ್ಣ. ನಮ್ಮ ಅಂಗನವಾಡಿಯ ಮಕ್ಕಳಿಗೂ ಗೊತ್ತು. ಮಿಲಿಯ ನೂರರಲ್ಲೊಂದು ಭಾಗ ನೋಡುವವರು ನೀವು, ಒಣಗಿದ ಅಚ್ಚನ್ನೇ ನಂಬಿ ಅಳತೆ ತೆಗೆದಿರಿ. ಒಣಗಿಸಿ ಕಳಿಸಿದ ನನಗೂ ಹೊಳೆಯಲಿಲ್ಲ.

ಲಕ್ಷ್ಮಣಪ್ಪ ಕೆಳಗೆ ಪ್ಲೈವುಡ್ ಚೂರು ಇಟ್ಟು ಎತ್ತರಿಸೋಣ ಎಂದ. ಇವರು ಬೇಡವೆಂದು, ಆ ಪಟ್ಟಿಯನ್ನೇ ಹಿಡಿಕೆಯ ಅಡಿಗೆ ಇಟ್ಟು ಸ್ಕ್ರೂ ಬಿಗಿಸಿದರು. ಸರಿಯಾಗಿ ಕೂತಿತು.

ಶುಕ್ರವಾರ ಬೆಳಿಗ್ಗೆ ಊರಿಗೆ ಊರೇ ಸೇರಿತ್ತು. ಇವರು ಟವಲನ್ನು ಶ್ರೀಧರನ ಹೆಗಲಿಗೆ ಹಾಕಿ ಬಲಗೈ ಮುಂದೆ ಚಾಚಿದರು. ಒಂದೇ ಒತ್ತು. ಬಾಗಿಲು ತೆಗೆದುಕೊಂಡಿತು. ಅವರ ಚಿಕ್ಕಮ್ಮ ಅಶ್ವತ್ಥಮ್ಮ, "ಇದೆಲ್ಲಿ ತಂದ್ರೋ ಇಂಥದ್ನ?" ಎಂದು ಕೇಳಿದರು. "ಗೊತ್ತಿರೋನು ಮಾಡಿದ್ದು" ಎಂದರು ಇವರು. ಗೆಳೆಯ ಎನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ನೀವು ಇರಬೇಕಿತ್ತು ಎಂದು ನಾನೂ ಬರೆಯುವುದಿಲ್ಲ. ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಆದರೆ ನಿನ್ನೆ ಅವರೇ ಒಂದು ಹಾಳೆ ಕೇಳಿ ಕೂತು ಎಡಗೈಯಲ್ಲಿ ಬರೆದರು. ನಾಲ್ಕು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅದನ್ನು ಇದರ ಜೊತೆ ಕಳಿಸಿದ್ದೇನೆ.

ಅಂಜಿನಮ್ಮ

•

17-2-25

ಮುರಿಗೆ,

ಹಿಡಿಕೆ ಚೆನ್ನಾಗೈತೆ. ಮೂರು ಮಿಲಿ ಕಮ್ಮಿ. ಅಡಿಗೆ ನಿನ್ನ ಪಟ್ಟಿ ಇಕ್ಕಿದೀನಿ. ಅವತ್ತು ನಾನು ನೋಡ್ತಿಲ್ಲ ಅಂದ್ಕೊಂಡು ತೆಗ್ದೆ. ಬಂದು ಇದನ್ನ ನನ್ನ ಎದುರಿಗೆ ತೆಗಿ.

ಶ್ಯಾಮಣ್ಣ